ಲಕೋಟೆಗೆ ಹೋದ ಮತ

ಮತಪತ್ರವನ್ನು ಮೊದಲು ಉದ್ದಕ್ಕೆ ಮಡಚಬೇಕು, ಆಮೇಲೆ ಅಡ್ಡಕ್ಕೆ. ಅಡ್ಡ ಮಡಿಕೆ ಮೊದಲಾದರೆ ಮೊಹರಿನ ಹಸಿ ಮಸಿ ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಗೂ ಅಂಟುತ್ತದೆ. ಎಣಿಸುವವರಿಗೆ ಯಾವುದು ಹಾಕಿದ್ದು, ಯಾವುದು ಅಂಟಿದ್ದು ಎಂಬ ಗೊಂದಲವಾಗುತ್ತದೆ. ಆ ದಿನ ಮುಂಜಾನೆ ಏಳು ಗಂಟೆಗೆ ಮತದಾನ ಶುರುವಾದಾಗ ನನ್ನ ಗಮನವೆಲ್ಲ ಈ ಮಡಿಕೆಯ ಮೇಲಿತ್ತು. ತಪ್ಪಾದರೆ ಇಲ್ಲಿಯೇ ಆಗುತ್ತದೆ ಎಂದುಕೊಂಡಿದ್ದೆ.

ಗ್ರಾಮ ಪಂಚಾಯತಿ ಚುನಾವಣೆ. ಕಾಗವಾಡ ತಾಲ್ಲೂಕಿನಲ್ಲಿ, ಉಗಾರ ಬುದ್ರುಕ ದಾಟಿದ ಮೇಲೆ ಸಿಗುವ ಹೊಳೆದಂಡೆಯ ಊರು, ಹೆಸರು ಬರೆಯುವುದಿಲ್ಲ. ನಾನು ರಾಯಬಾಗದ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಆ ಮತಗಟ್ಟೆಗೆ ನನ್ನನ್ನು ಮುಖ್ಯ ಅಧಿಕಾರಿಯನ್ನಾಗಿ ಹಾಕಿದ್ದರು. ನನ್ನ ಕೈಕೆಳಗೆ ಮೂವರಿದ್ದರು. ಮೊದಲನೆಯವರು ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರು, ನಿವೃತ್ತಿಗೆ ಎರಡು ವರ್ಷ ಉಳಿದಿದ್ದವರು. ಬಂದವರ ಗುರುತು ಹಿಡಿದು, ಮತದಾರರ ಪಟ್ಟಿಯಲ್ಲಿ ಹೆಸರು ಹುಡುಕಿ, ಸಾಲಿನ ಸಂಖ್ಯೆ ಗಟ್ಟಿಯಾಗಿ ಕೂಗಿ, ಆ ಸಾಲಿನ ಕೆಳಗೆ ಗೆರೆ ಎಳೆಯುವುದು ಅವರ ಕೆಲಸ. ಹೆಂಗಸರಾದರೆ ಗೆರೆಯ ಜೊತೆಗೆ ಪಕ್ಕದಲ್ಲೊಂದು ಟಿಕ್ಕು. ಎರಡನೆಯವರು ಬೆರಳಿಗೆ ಶಾಯಿ ಹಚ್ಚಿ, ಮತಪತ್ರದ ಅಡಿಚೀಟಿಯಲ್ಲಿ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುತ್ತಿದ್ದರು. ಮೂರನೆಯವರು ಮತಪತ್ರ ಮಡಚಿ ತೋರಿಸಿ, ಮೊಹರು ಕೈಗೆ ಕೊಡುತ್ತಿದ್ದರು.

ಒಂದೇ ಸ್ಥಾನ, ಮಹಿಳೆಗೆ ಮೀಸಲು. ನಿಂತವರು ಇಬ್ಬರು. ಒಬ್ಬರಿಗೆ ಕಪಾಟಿನ ಚಿಹ್ನೆ, ಇನ್ನೊಬ್ಬರಿಗೆ ಹೊಲಿಗೆ ಯಂತ್ರ. ಇಬ್ಬರ ಏಜೆಂಟರೂ ಬಾಗಿಲ ಬಲಕ್ಕೆ ಒಂದೇ ಬೆಂಚಿನ ಮೇಲೆ, ನಡುವೆ ಒಂದು ನೀರಿನ ಬಾಟಲಿ ಇಟ್ಟುಕೊಂಡು ಕುಳಿತಿದ್ದರು. ಇಬ್ಬರ ತೊಡೆಯ ಮೇಲೂ ಪಟ್ಟಿಯ ಒಂದೊಂದು ಪ್ರತಿ ಇತ್ತು. ಮಾಸ್ತರರು ಕೂಗಿದ ಸಂಖ್ಯೆಗೆ ಅವರೂ ಟಿಕ್ಕು ಹಾಕಿಕೊಳ್ಳಬೇಕು.

ಎಂಟು ಗಂಟೆಯ ಸುಮಾರಿಗೆ, ಕಬ್ಬಿನ ಗದ್ದೆಗೆ ಹೋಗುವ ಅವಸರದಲ್ಲಿದ್ದ ಹೆಂಗಸರ ಸಾಲು ಬಾಗಿಲಿನಿಂದ ಮೆಟ್ಟಿಲವರೆಗೆ ಇತ್ತು. ಅದರಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಒಳಗೆ ಬಂದರು. ಮತದಾರರ ಚೀಟಿ ತಂದಿರಲಿಲ್ಲ. ಫೋಟೊ ಇದ್ದ ಬ್ಯಾಂಕಿನ ಪಾಸ್‌ಬುಕ್ಕು ಕೊಟ್ಟರು. ಹಿಂದೆ ಹೊಳೆ ಊರೊಳಗೆ ಬಂದಾಗ ನೆನೆದದ್ದು ಅದು. ಫೋಟೊ ಇತ್ತು, ಕಲಾವತಿ ಎಂಬ ಹೆಸರು ಓದಲು ಬರುತ್ತಿತ್ತು, ಅದರ ಕೆಳಗಿನ ಸಾಲು ನೀಲಿ ಮೋಡವಾಗಿತ್ತು. ನಮಗೆ ಕೊಟ್ಟಿದ್ದ ಮತದಾರರ ಪಟ್ಟಿಯ ಪ್ರತಿಯಲ್ಲಿ ಭಾವಚಿತ್ರಗಳೆಲ್ಲ ಕಪ್ಪಾಗಿ ಬಂದಿದ್ದವು.

ಮಾಸ್ತರರು ಕೇಳಿದರು: "ಯಜಮಾನರ ಹೆಸರೇನವಾ?"

ಆಕೆ ಸೆರಗು ಬಾಯಿಗೆ ಹಿಡಿದು ಕಪಾಟಿನ ಏಜೆಂಟನ ಕಡೆ ನೋಡಿದರು. ಆತ ಆಕೆಗೆ ಭಾವನಾಗಬೇಕು, ಗಂಡನ ಅಣ್ಣ. ಆತ ನೆಲ ನೋಡುತ್ತ, "ನಮ್ಮ ಮನಿಯಾಕೀನ್ರಿ, ಬರೋಬರ ಐತಿ" ಎಂದ.

"ಮನಿಯಾಕಿ ಖರೆ, ಪಟ್ಟ್ಯಾಗ ಹುಡುಕಾಕ ಹೆಸರ ಬೇಕಲ್ಲವಾ."

ಆಕೆ ಸಣ್ಣ ದನಿಯಲ್ಲಿ ಹೇಳಿದರು: "ಊರ ಅಗಸ್ಯಾಗ ನಿಂತಾನಲ್ರಿ... ಅಂವನ ಹೆಸರ್ರಿ."

ಸಾಲಿಗೆ ಸಾಲೇ ನಕ್ಕಿತು. ಹಿಂದಿನಿಂದ ಯಾರೋ, "ಒಡಪ ಹಾಕಿ ಹೇಳಬೇ, ಮಾಸ್ತರು ಲಗ್ನಕ್ಕ ಬಂದಾರ!" ಎಂದು, ಮದುವೆಯಲ್ಲಿ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವ ರೂಢಿ ನೆನಪಿಸಿದರು. ಇನ್ನೊಬ್ಬಾಕೆ, "ಆಹೇರಿ ತಂದೀರೇನ್ರಿ ಸರ?" ಎಂದು ಉಡುಗೊರೆ ಕೇಳಿದಳು. ಹೊಲಿಗೆ ಯಂತ್ರದ ಏಜೆಂಟನೂ ನಕ್ಕ. ಪೊಲೀಸನೂ ನಕ್ಕ. ನಾನೂ ನಕ್ಕೆ. ನಮ್ಮ ಅಜ್ಜಿ ಅಜ್ಜನ ಹೆಸರು ಹೇಳದೆ ತೀರಿಕೊಂಡವಳು. ಅಜ್ಜನ ಹೆಸರು ಶಿವಪ್ಪ ಎಂದು ಆಕೆ ಶಿವರಾತ್ರಿಗೆ 'ಉಪಾಸದ ಹಬ್ಬ' ಎನ್ನುತ್ತಿದ್ದಳು.

"ತಿಳೀತು, ತಿಳೀತು. ಹಣಮಪ್ಪ!" ಎಂದು ಮಾಸ್ತರರು ಪಟ್ಟಿಯ ಮೇಲೆ ಬೆರಳು ಓಡಿಸಿದರು. "ನಾಕನೂರಾ ಹನ್ನೆರಡು. ಕಲಾವತಿ, ಗಂಡ ಹಣಮಂತ." ಗೆರೆ ಎಳೆದು ಟಿಕ್ಕು ಹಾಕಿದರು. ಆಕೆ ಹೆಬ್ಬೆಟ್ಟು ಒತ್ತಿ, ಮತ ಹಾಕಿ, ಹೋದರು. ಆ ಗದ್ದಲದಲ್ಲಿ ಮಾಸ್ತರರು ಕೂಗಿದ ಹೆಸರು ಆಕೆಗೆ ಕೇಳಿಸಿತೇ ಎಂದು ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನನಗೆ ತಿಳಿಯದು.

ಹನ್ನೊಂದು ಗಂಟೆಗೆ ಇನ್ನೊಬ್ಬರು ಬಂದರು. ಅರವತ್ತರ ಹತ್ತಿರದವರು, ಕೈಯಲ್ಲಿ ಚೀಟಿ. ಮಾಸ್ತರರು ಚೀಟಿ ನೋಡಿ, ಪಟ್ಟಿ ನೋಡಿ, ಮತ್ತೆ ಚೀಟಿ ನೋಡಿದರು.

"ಯವ್ವಾ, ನಿಮ್ಮದು ಆಗೈತಿ."

"ಏನ ಆಗೈತ್ರಿ?"

"ವೋಟ. ನಾಕನೂರಾ ಹನ್ನೆರಡು, ಕಲಾವತಿ ಹಣಮಂತ. ಮುಂಜಾನೇನ ಹಾಕಿ ಹೋಗೀರಿ."

ಆಕೆ ಎಡಗೈಯನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಒಂದು ಬೆರಳಿಗೂ ಶಾಯಿ ಇರಲಿಲ್ಲ. "ಮುಂಜಾನಿಂದ ರೊಟ್ಟಿ ಬಡದೀನಿ. ಹಿಟ್ಟ ಹತ್ತೇತಿ, ಮಸಿ ಹತ್ತಿಲ್ಲ."

ಹೊಲಿಗೆ ಯಂತ್ರದ ಏಜೆಂಟ ಎದ್ದು ನಿಂತ. "ಕಳ್ಳ ವೋಟ ಸರ! ನಮ್ಮ ಕಾಕೂನ ವೋಟ ಕದ್ದಾರ!" ಆತನ ಅಭ್ಯರ್ಥಿ ಈಕೆಯ ಅಕ್ಕನ ಸೊಸೆ. ಈಕೆಯ ಮತ ಯಾರಿಗೆಂದು ಊರು ಆಗಲೇ ಬರೆದಿಟ್ಟುಕೊಂಡಿತ್ತು.

ನಾನು ಪಟ್ಟಿ ತೆಗೆದುಕೊಂಡು ನೋಡಿದೆ. ೪೧೨: ಕಲಾವತಿ, ಗಂಡ ಹಣಮಂತ, ಗೆರೆ, ಟಿಕ್ಕು. ೪೧೩: ಕಲಾವತಿ, ಗಂಡ ಮಾರುತಿ, ಗೆರೆಯಿಲ್ಲ. ಇಬ್ಬರ ಅಡ್ಡಹೆಸರೂ ಒಂದೇ. ವಯಸ್ಸಿನಲ್ಲಿ ಆರೇ ವರ್ಷದ ಅಂತರ.

ಊರ ಅಗಸಿಯಲ್ಲಿ, ಎಂದರೆ ಊರ ಹೆಬ್ಬಾಗಿಲಲ್ಲಿ, ನಿಂತ ದೇವರಿಗೆ ಎರಡು ಹೆಸರು: ಹಣಮಂತ, ಮಾರುತಿ. ಇದು ಈ ಸೀಮೆಯಲ್ಲಿ ಎಲ್ಲ ಮಕ್ಕಳಿಗೂ ಗೊತ್ತು.

ಖಾತ್ರಿಗಾಗಿ ಕೇಳಿದೆ: "ಅವ್ವಾರ, ನಿಮ್ಮ ಯಜಮಾನರ ಹೆಸರ ಹೇಳ್ತೀರೇನ್ರಿ?"

"ಹಣಮಂತ. ಸತ್ತ ಒಂಬತ್ತ ವರ್ಷಾತು. ಈಗ ಹೆಸರ ಹೇಳಿದ್ರ ಅವಂದ ಆಯುಷ್ಯೇನ ಕಮ್ಮಿ ಆಗೂದಿಲ್ಲ."

ಯಾರೂ ನಗಲಿಲ್ಲ. ನಾನು ಕಪಾಟಿನ ಏಜೆಂಟನ ಕಡೆ ತಿರುಗಿದೆ. "ಮುಂಜಾನೆ ಬಂದಾವ್ರು ನಿಮ್ಮ ತಮ್ಮನ ಹೆಂಡ್ತಿ ಅಲ್ಲೇನ್ರಿ? ತಮ್ಮನ ಹೆಸರ ಮಾರುತಿ ಹೌದಿಲ್ಲೊ?"

"ನನಗೇನ ಗೊತ್ರಿ ಸರ. ನಿಮ್ಮ ಮಾಸ್ತರು ನಂಬರ ಕೂಗಿದ್ರು, ನಾ ಟಿಕ್ ಹೊಡದೆ."

"ತಮ್ಮನ ಹೆಸರ ಗೊತ್ತಿಲ್ಲೇನ್ಲೇ ನಿನಗ?" ಎಂದು ಪಕ್ಕದವನು ಕೂಗಿದ. ಆತ ತೊಡೆಯ ಮೇಲಿದ್ದ ಪಟ್ಟಿಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡ. ಮಡಚುವ ಮುಂಚೆ ಆ ಹಾಳೆಯಲ್ಲಿ ಟಿಕ್ಕು ೪೧೩ರ ಮುಂದೆ ಇದ್ದದ್ದನ್ನು ಕಂಡೆ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಕಂಡಂತಾಯಿತು ಎಂದಷ್ಟೇ ಹೇಳಬಲ್ಲೆ. ಹಾಗಿದ್ದರೆ ಆತ, ಮಾಸ್ತರರು ಕೂಗಿದ ಸಂಖ್ಯೆಗೆ ಅಲ್ಲ, ಬಂದ ಹೆಂಗಸಿಗೆ ಟಿಕ್ಕು ಹಾಕಿದ್ದ. ಅಷ್ಟರ ಮಟ್ಟಿಗೆ ಆತನ ಪಟ್ಟಿ ನಮ್ಮದಕ್ಕಿಂತ ಸರಿಯಾಗಿತ್ತು. ಆದರೆ ಏಜೆಂಟನ ಪಟ್ಟಿ ಆತನ ಸ್ವಂತದ್ದು. ಕಿತ್ತುಕೊಂಡು ನೋಡುವ ಅಧಿಕಾರ ನನಗಿರಲಿಲ್ಲ.

ನನ್ನ ಮುಂದೆ ಎರಡು ದಾರಿಗಳಿದ್ದವು. ಒಬ್ಬರ ಹೆಸರಿನಲ್ಲಿ ಆಗಲೇ ಮತ ಬಿದ್ದಿದ್ದರೆ, ಆಮೇಲೆ ಬಂದ ನಿಜವಾದ ಮತದಾರರಿಗೆ ಟೆಂಡರ್ ಮತಪತ್ರ ಕೊಡಬೇಕು. ಅದರ ಬೆನ್ನಿಗೆ ನಾನು ಕೈಯಾರೆ 'ಟೆಂಡರ್' ಎಂದು ಬರೆಯಬೇಕು. ಅದು ಪೆಟ್ಟಿಗೆಗೆ ಬೀಳುವುದಿಲ್ಲ. ಬೇರೆ ಲಕೋಟೆಯಲ್ಲಿಟ್ಟು ಮೊಹರು ಮಾಡಬೇಕು. ಎಣಿಕೆಯ ದಿನ ಆ ಲಕೋಟೆಯನ್ನು ತೆರೆಯುವುದಿಲ್ಲ. ಇನ್ನೊಂದು ದಾರಿ: ತಪ್ಪು ನಮ್ಮದೆಂದು ಎಲ್ಲರ ಮುಂದೆ ಒಪ್ಪಿ, ಗುರುತು ತಿದ್ದಿ, ಪಕ್ಕದಲ್ಲಿ ಸಹಿ ಹಾಕಿ, ಆಕೆಗೆ ಎಲ್ಲರಂತೆ ಮಾಮೂಲಿ ಮತಪತ್ರ ಕೊಡುವುದು. ಕೈಪಿಡಿಯಲ್ಲಿ ಹೀಗೆ ಮಾಡಿರಿ ಎಂದು ಎಲ್ಲಿಯೂ ಸಿಗಲಿಲ್ಲ; ಮಾಡಬಾರದು ಎಂದೂ ಸಿಗಲಿಲ್ಲ. ಸಾಲು ಬೆಳೆಯುತ್ತಿತ್ತು. ನಾನು ಪುಟ ತಿರುವುತ್ತಿದ್ದುದನ್ನು ಎಲ್ಲರೂ ನೋಡುತ್ತಿದ್ದರು.

ಮೇಲಧಿಕಾರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಟಿಕ್ ಬಿದ್ದೈತಿ ಅಂದ್ರ ಟೆಂಡರ್ ಕೊಡ್ರಿ, ಡೈರಿಯಾಗ ಬರೀರಿ. ಹೊಸಾದೇನೂ ಮಾಡಾಕ ಹೋಗಬ್ಯಾಡ್ರಿ ಸರ." ಆ ಮಾತು ಕೇಳಿ ನನಗೆ ಆದದ್ದು ಸಮಾಧಾನ. ಅದನ್ನು ಮುಚ್ಚಿಡುವುದಿಲ್ಲ. ನಿರ್ಧಾರ ನನ್ನ ಕೈಯಿಂದ ಹೋಯಿತಲ್ಲ ಎಂಬ ಸಮಾಧಾನ.

ಟೆಂಡರ್ ಮತಗಳ ಪಟ್ಟಿಯಲ್ಲಿ ಆಕೆಯ ಹೆಸರು ಬರೆದು ಸಹಿ ತೆಗೆದುಕೊಂಡೆ. ಆಕೆ ಅಕ್ಷರ ಕೂಡಿಸಿ ನಿಧಾನವಾಗಿ ಬರೆದರು. ಮತಪತ್ರ ಹಿಡಿದು ಮರೆಯೊಳಗೆ ಹೋದರು. ಮಡಿಕೆ ಸರಿಯಾಗಿ, ಮೊದಲು ಉದ್ದಕ್ಕೆ ಆಮೇಲೆ ಅಡ್ಡಕ್ಕೆ ಮಾಡಿಕೊಂಡು ಹೊರಬಂದು ಪೆಟ್ಟಿಗೆಯ ಕಡೆ ಹೆಜ್ಜೆ ಹಾಕಿದರು. ನಾನು ಅಡ್ಡ ನಿಂತು ಕೈ ಚಾಚಿದೆ.

"ಇಲ್ಲಿ ಕೊಡ್ರಿ ಅವ್ವಾರ."

"ಯಾಕ್ರಿ? ಎಲ್ಲಾರದೂ ಡಬ್ಬ್ಯಾಗ ಬಿತ್ತು. ನಂದ್ಯಾಕ ಪಾಕೀಟಿನಾಗ?"

"ನಿಮ್ಮದು ಬ್ಯಾರೆ ಇಡಬೇಕಂತ ಕಾಯ್ದೆ ಐತ್ರಿ."

"ಎಣಸ್ತೀರಿಲ್ಲೊ?"

ಆ ಪ್ರಶ್ನೆಗೆ ಹೌದು ಅಥವಾ ಇಲ್ಲ, ಎರಡೇ ಉತ್ತರ. ಸರಿಯಾದ ಉತ್ತರ ನನಗೆ ಗೊತ್ತಿತ್ತು. ನಾನು ಹೇಳಿದ್ದು: "ಇದೂ ಮತಾನ ಅವ್ವಾರ."

ಆಕೆ ನನ್ನ ಮುಖ ನೋಡಿ, ಮಡಚಿದ ಕಾಗದ ಕೈಗಿಟ್ಟು ಹೋದರು.

ಐದು ಗಂಟೆಗೆ ಮತದಾನ ಮುಗಿಯಿತು. ಪೆಟ್ಟಿಗೆಗೆ ಮೊಹರು ಬಿತ್ತು, ಏಜೆಂಟರು ಸಹಿ ಹಾಕಿ ಎದ್ದರು. ನಾನು ಮತಗಟ್ಟೆಯ ಡೈರಿ ಬರೆಯಲು ಕುಳಿತೆ. ಟೆಂಡರ್ ಮತದ ಮುಂದೆ ಕಾರಣ ಬರೆಯಬೇಕು. ರೂಢಿಯ ಒಂದು ವಾಕ್ಯವಿದೆ: 'ಬೇರೊಬ್ಬರು ಸದರಿ ಹೆಸರಿನಲ್ಲಿ ಮತ ಚಲಾಯಿಸಿದ್ದರಿಂದ.' ಅಷ್ಟು ಬರೆದರೆ ತಪ್ಪು ಯಾರೋ ಕಾಣದ ಬೇರೊಬ್ಬರದಾಗುತ್ತದೆ.

ಮಾಸ್ತರರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಮುಂಜಾನೆಯ ನಗೆ ಅವರ ಮುಖದಲ್ಲಿರಲಿಲ್ಲ. "ಸರ, ಅದನ್ನಷ್ಟ ಬರೀರಿ. ಖೊಟ್ಟಿ ಏನಲ್ಲ ಅದು. ಬ್ಯಾರೆದಾವ್ರು ಹಾಕಿದ್ದು ಖರೇನ ಐತೆಲ್ಲ."

"ಆಕಿ ಕಳ್ಳಿ ಅಲ್ರಿ ಮಾಸ್ತರ. ತನ್ನ ವೋಟ ತಾ ಹಾಕ್ಯಾಳ. ಗೆರಿ ನಾವು ತಪ್ಪ ಹೊಡದೀವಿ."

"ಎರಡ ವರ್ಷ ಐತ್ರಿ ನನ್ನ ಸರ್ವಿಸ್. ಒಂದ ನೋಟೀಸ ಬಂದ್ರ ಪಿಂಚಣಿ ಕಾಗದ ಎಲ್ಲಿ ನಿಲ್ತೈತೊ ಯಾರಿಗೊತ್ತು. ಹಣಮಪ್ಪ ಅಂದ್ರೇನು, ಮಾರುತಿ ಅಂದ್ರೇನು? ನೀವೂ ನಕ್ರಿ ಸರ. ನಾ ನೋಡೀನಿ."

ಹೌದು, ನಾನೂ ನಕ್ಕಿದ್ದೆ. ಸಂಖ್ಯೆ ಕೂಗಿದಾಗ ತಲೆಯೆತ್ತಿ ಒಂದು ಸಲ ಪಟ್ಟಿ ನೋಡುವುದು ನನ್ನ ಕೆಲಸವಾಗಿತ್ತು, ಮಾಸ್ತರರದಲ್ಲ. ಸುಮಾರು ಹತ್ತು ನಿಮಿಷ ಪೆನ್ನು ಹಿಡಿದು ಕುಳಿತೆ. ಹೊರಗೆ ನಮ್ಮನ್ನು ಒಯ್ಯುವ ಬಸ್ಸು ಹಾರ್ನು ಹೊಡೆಯುತ್ತಿತ್ತು. ಕೊನೆಗೆ ಬರೆದೆ: '೪೧೩ರ ಮತದಾರರು ಬಂದಾಗ ಗಂಡನ ಹೆಸರನ್ನು ನೇರವಾಗಿ ಹೇಳದ ಕಾರಣ ೪೧೨ರ ಮುಂದೆ ತಪ್ಪಾಗಿ ಗುರುತು ಮಾಡಲಾಗಿದೆ ಎಂದು ನಂಬಲು ಕಾರಣವಿದೆ. ಗುರುತನ್ನು ಪರಿಶೀಲಿಸದಿರುವುದು ನನ್ನ ಲೋಪ.' ಮಾಸ್ತರರ ಹೆಸರು ಬರೆಯಲಿಲ್ಲ. ಅವರು ಓದಿ, ಚೀಲ ಕಟ್ಟಿದರು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಹಿಂದೆ ಹೋಗಿ ಕುಳಿತರು.

ಎಣಿಕೆಯ ದಿನ ನಾನು ತರಗತಿಯಲ್ಲಿದ್ದೆ. ಮಧ್ಯಾಹ್ನ ಫೋನು ಬಂತು. ಆ ವಾರ್ಡಿನಲ್ಲಿ ಇಬ್ಬರಿಗೂ ಸಮ ಸಮ ಮತ. ಮರು ಎಣಿಕೆಯಲ್ಲೂ ಸಮ. ಚೀಟಿ ಎತ್ತಿದರಂತೆ, ಕಪಾಟು ಬಂತಂತೆ.

ಒಂದು ಲಕೋಟೆ, ಅದರಲ್ಲಿ ಒಂದು ಮತ. ಸೋತವರು ಸುಮ್ಮನಿರಲು ಸಾಧ್ಯವಿರಲಿಲ್ಲ. ನನ್ನ ಡೈರಿಯ ನಕಲು ಪಡೆದು, ಅಥಣಿಯಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿದರು. ನನಗೆ ಸಾಕ್ಷಿಯ ಸಮನ್ಸು ಬಂತು. ಇಲಾಖೆಯಿಂದ ವಿವರಣೆ ಕೇಳಿ ಒಂದು ಪತ್ರವೂ ಬಂತು. ಡೈರಿಯಲ್ಲಿ ಬರೆದದ್ದನ್ನೇ ಅದರಲ್ಲೂ ಬರೆದು ಕಳಿಸಿದೆ.

ಆ ವಾರ ನಾನು ಅಧ್ಯಕ್ಷೀಯ ಗಣರಾಜ್ಯಗಳ ಪಾಠ ಮಾಡುತ್ತಿದ್ದೆ. ಪಠ್ಯದಲ್ಲಿರುವುದು ಕಡಿಮೆ, ಇಂಥ ದೇಶಗಳಲ್ಲಿ ನಡೆದ ಚುನಾವಣೆಗಳ, ಜನಮತಗಣನೆಗಳ ಇತಿಹಾಸವನ್ನು ನಾನೇ ಟಿಪ್ಪಣಿ ಮಾಡಿಕೊಂಡಿದ್ದೇನೆ. ಅಧ್ಯಕ್ಷನೊಬ್ಬ ಚುನಾವಣೆಯಲ್ಲಿ ಗೆದ್ದು ಬರುತ್ತಾನೆ. ಕೆಲವು ಕಡೆ ಅವಧಿ ಮುಗಿಯುವ ಹೊತ್ತಿಗೆ ಎದುರಾಳಿಗಳೇ ಇಲ್ಲದಂತಾಗುತ್ತದೆ. ಆಗ ಇನ್ನಷ್ಟು ವರ್ಷ ಇರಲೇ ಎಂದು ಜನರನ್ನು ಕೇಳುತ್ತಾನೆ, ಹೌದು ಅಥವಾ ಅಲ್ಲ ಎಂದು ಹೇಳಿರೆಂದು. ಹೌದು ಎನ್ನಲು ಒಂದು ಬಣ್ಣದ ಚೀಟಿ, ಅಲ್ಲ ಎನ್ನಲು ಇನ್ನೊಂದು ಬಣ್ಣದ್ದು ಕೊಟ್ಟ ಕಡೆಗಳೂ ಇವೆ. ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ, "ಸರ, ಬಣ್ಣ ಕಂಡರ ಅಲ್ಲ ಅನ್ನಾವ್ರು ಯಾರರಿ?" ಎಂದಳು. ಒಳ್ಳೆಯ ಪ್ರಶ್ನೆ ಎಂದು ಹೇಳಿ, ಮುಂದಿನ ಕೋಷ್ಟಕಕ್ಕೆ ಹೋದೆ. ಬಿದ್ದ ಮತ, ಸಿಂಧು ಮತ, ಅಸಿಂಧು ಮತ. ಆಗ ನನ್ನ ತಲೆಯಲ್ಲಿ ಇದ್ದದ್ದು ಎಣಿಕೆ ಮಾತ್ರ. ಆ ಲಕೋಟೆ ತೆರೆದು ಎಣಿಸಿಬಿಟ್ಟರೆ ನನ್ನ ತಪ್ಪು ತೊಳೆದುಹೋಗುತ್ತದೆ ಎಂದು ನಂಬಿದ್ದೆ.

ವಿಚಾರಣೆಯ ದಿನ ಮೊದಲು ಮಾರುತಿಯ ಹೆಂಡತಿ ಸಾಕ್ಷಿ ಹೇಳಿದರು. ತಾನು ಯಾರ ಹೆಂಡತಿ ಎಂಬುದನ್ನು ಸ್ಪಷ್ಟವಾಗಿ ಹೇಳಿದರೆಂದು ಆಮೇಲೆ ತಿಳಿಯಿತು. ನಂತರ ನನ್ನನ್ನು ಕರೆದರು. ನಡೆದದ್ದನ್ನು ಗಂಟೆಗಳ ಸಮೇತ ಹೇಳಿದೆ. ಕೊನೆಗೆ ಅರ್ಜಿದಾರರ ವಕೀಲರು, "ಎಣಿಸುತ್ತೀರಾ ಎಂದು ಅವರು ಕೇಳಿದಾಗ ನೀವು ಏನು ಹೇಳಿದಿರಿ?" ಎಂದರು. "ಇದೂ ಮತವೇ ಎಂದೆ." "ಅದು ನಿಜವೇ?" "ನಿಜವಲ್ಲ" ಎಂದೆ. ಬೆರಳಚ್ಚುಗಾರರು ಅದನ್ನೂ ಬರೆದುಕೊಂಡರು. ಹೊರಗೆ ಹೋಗದೆ ಹಿಂದಿನ ಬೆಂಚಿನ ಮೇಲೆ ಕುಳಿತೆ.

ಹಣಮಂತನ ಹೆಂಡತಿ ಕಟಕಟೆಗೆ ಬಂದರು. ಬೆರಳಿಗೆ ಶಾಯಿ ಇರದಿದ್ದುದು, ಚೀಟಿ ತಂದಿದ್ದು, ಸಹಿ ಮಾಡಿದ್ದು, ಎಲ್ಲವನ್ನೂ ಹೇಳಿದರು. ತಹಶೀಲ್ದಾರ ಕಚೇರಿಯಿಂದ ತರಿಸಿದ ಲಕೋಟೆ, ಅರಗಿನ ಮೊಹರಿನ ಸಮೇತ, ನ್ಯಾಯಾಧೀಶರ ಮುಂದಿತ್ತು. ಅದನ್ನು ತೆರೆದು ಮತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ವಕೀಲರು ಕೇಳಿಕೊಂಡರು.

ಆಕೆ ಕೈ ಮುಗಿದರು. "ಸಾಹೇಬ್ರ, ಒಂದ ಮಾತ ಕೇಳ್ಲೇನ್ರಿ? ಅದನ್ನ ಒಡದ್ರ ನಾ ಯಾರಿಗಿ ಒತ್ತೀನಿ ಅಂತ ಇಲ್ಲಿದ್ದವರಿಗೆಲ್ಲಾ ತಿಳೀತೈತ್ಯಲ್ರಿ?"

ನ್ಯಾಯಾಧೀಶರು ಲಕೋಟೆ ನೋಡಿದರು. "ತಿಳಿಯುತ್ತದೆ ತಾಯಿ. ಇದರಲ್ಲಿರುವುದು ನಿಮ್ಮದೊಂದೇ."

"ಹಂಗಾದ್ರ ಒಡೀಬ್ಯಾಡ್ರಿ."

ವಕೀಲರು ನಕ್ಕು ಸಮಾಧಾನ ಹೇಳುವ ದನಿಯಲ್ಲಿ, "ಕಾಕೂ, ಅಂಜಬ್ಯಾಡ್ರಿ. ನಿಮ್ಮ ವೋಟ ಯಾರಿಗಿ ಅಂತ ಊರಿಗೇ ಗೊತ್ತೈತಿ" ಎಂದರು.

"ಊರಿಗೆ ಗೊತ್ತಿದ್ರ ನನ್ನ ಯಾಕ ಕರದ್ರಿ? ಊರ ಹೋಗಿ ಹಾಕಿ ಬರ್ತಿತ್ತು."

ಅರ್ಜಿ ಹಾಕಿದ್ದ ಹೆಣ್ಣುಮಗಳು, ಆಕೆಯ ಅಕ್ಕನ ಸೊಸೆ, ನನ್ನ ಮುಂದಿನ ಬೆಂಚಿನಲ್ಲಿದ್ದರು. ತಲೆಯೆತ್ತಿ ಆಕೆಯನ್ನು ನೋಡಿದರು. ಹೊಸಬರನ್ನು ನೋಡುವ ಹಾಗೆ ನೋಡಿದರು ಎಂದು ನನಗನಿಸಿತು. ನಾನು ಹಿಂದಿನಿಂದ ನೋಡಿದ್ದು, ತಪ್ಪಿರಲೂಬಹುದು. ಬಾಗಿಲ ಹತ್ತಿರ ನಿಂತಿದ್ದ ಕಪಾಟಿನ ಏಜೆಂಟ ಕೂಡ ನೋಡುತ್ತಿದ್ದ. ಆ ಲಕೋಟೆಯೊಳಗೆ ಯಾವ ಚಿಹ್ನೆಯ ಮೇಲೆ ಮೊಹರಿದೆ ಎಂದು ಆ ಕೋಣೆಯಲ್ಲಿ ಮೊದಲ ಸಲ ಯಾರಿಗೂ ಗೊತ್ತಿರಲಿಲ್ಲ, ಆಕೆಯೊಬ್ಬರನ್ನು ಬಿಟ್ಟು.

ವಕೀಲರು ಕಾಲಾವಕಾಶ ಕೇಳಿದರು. ಮುಂದಿನ ತಾರೀಖಿಗೆ ಅರ್ಜಿ ಹಿಂದಕ್ಕೆ ಪಡೆದರೆಂದು ಆಮೇಲೆ ಕೇಳಿದೆ. ಲಕೋಟೆ ಒಡೆಯಲಿಲ್ಲ.

ಆ ದಿನ ಹೊರಗೆ, ಆಕೆ ಕಟ್ಟೆಯ ಮೇಲೆ ಕುಳಿತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಾಗ ನಾನು ಹತ್ತಿರ ಹೋದೆ. ಏನು ಹೇಳಬೇಕೆಂದು ಮೊದಲೇ ಜೋಡಿಸಿಕೊಂಡಿದ್ದೆ. ಹೇಳುವಾಗ ಅದೊಂದೂ ಉಳಿಯಲಿಲ್ಲ.

"ಅವ್ವಾರ, ಆವತ್ತ ನಾ ನಿಮಗ ಸುಳ್ಳ ಹೇಳೀನ್ರಿ. ಅದನ್ನ ಎಣಸೂದಿಲ್ಲ ಅಂತ ನನಗ ಗೊತ್ತಿತ್ತು."

ಆಕೆ ಪಟ್ಟಿ ಬಿಗಿದು ಎದ್ದು ನಿಂತರು. "ನನಗೂ ಗೊತ್ತಿತ್ರಿ ಸರ. ನಿಮ್ಮ ಮಾರಿ ಹೇಳ್ತಿತ್ತು."

"ಮತ್ಯಾಕ ಒತ್ತಿ ಕೊಟ್ರಿ?"

"ಒತ್ತಾಕಂತನ ಬಂದಿದ್ನೆಲ್ರಿ," ಎಂದು ಆಕೆ ಸೆರಗು ಸರಿಮಾಡಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು.